ಘೋಷವರ್ಮನ ಕೋಟಿ ಭಾಷಣ

ಬಹಳ ಹಿಂದೆ, ಅಂದರೆ ಅರಮನೆಗೆ ಇಂಟರ್‌ನೆಟ್ ಬಂದ ಮೇಲೆ, ವಾಗ್ವಿಲಾಸಪುರ ಎಂಬ ರಾಜ್ಯವಿತ್ತು. ಅಲ್ಲಿನ ಮಹಾರಾಜ ಘೋಷವರ್ಮ ದಿನವೂ ಭಾಷಣ ಮಾಡುತ್ತಿದ್ದ. ಅದನ್ನು ಊರೂರಿಗೆ ಹಂಚುತ್ತಿದ್ದುದು ನೆಲಮಾಳಿಗೆಯ ಒಂದು ಸ್ವಿಚ್ಚು. ದೀಪ ಹಾಕುವ ಸ್ವಿಚ್ಚಲ್ಲ ಸ್ವಾಮಿ, ರಾಜ್ಯದ ತಂತಿಗಳೆಲ್ಲ ಬಂದು ಸೇರುವ ಡಬ್ಬಿ. ಅಣೆಕಟ್ಟಿನ ಗೇಟು ತೆಗೆಯುವ ಮುನ್ನ ಕೆಳಗಿನಪೇಟೆಯ ಸೈರನ್ ಕೂಗಿಸುವ ಸಂದೇಶವೂ ಇದರ ಮೂಲಕವೇ ಹೋಗಬೇಕು. ಆ ಸೈರನ್ ನಂಬಿಯೇ ನೇಕಾರರು ಹೊಳೆದಂಡೆಯಲ್ಲಿ ಮಗ್ಗ ಹೂಡಿದ್ದರು.

ಒಂದು ದಿನ ಮಹಾರಾಜನು ಜಾಲಾಧಿಕಾರಿ ತಂತುಪಾಲನನ್ನು ಕರೆಸಿದ. "ನಮ್ಮ ಭಾಷಣ ಎಷ್ಟು ಮನೆಗೆ ಹೋಗುತ್ತಿದೆ?"

"ಬೇಕೆಂದವರಿಗೆ ಮಾತ್ರ, ಪ್ರಭು. ಮಲ್ಟಿಕಾಸ್ಟ್ ಸೆಟ್ಟಿಂಗ್ ಹಾಗಿದೆ."

"ಬೇಕೆಂದವರು ಯಾರು?"

ತಂತುಪಾಲ ನೆಲ ನೋಡಿದ. "ರಾಜಮಾತೆಯವರು... ಅವರೂ ಮೊನ್ನೆಯಿಂದ ಬೇಡ ಅಂದಿದ್ದಾರೆ."

ರಾಜನ ಮುಖ ಹುಳ್ಳಗಾಯಿತು. "ಬೇಕು ಬೇಡ ಎನ್ನಲು ಪ್ರಜೆಗಳು ಯಾರು? ಎಲ್ಲರಿಗೂ ಕಳಿಸಿ!" ಆ ಸೆಟ್ಟಿಂಗ್ ರದ್ದಾಯಿತು. ಅಷ್ಟಕ್ಕೇ ಬಿಟ್ಟನೇ? ಜಾಲದ ನಕ್ಷೆಯಲ್ಲಿ ಒಂದು ದಾರಿಗೆ ಕೆಂಪು ಗುರುತಿರುವುದು ಕಣ್ಣಿಗೆ ಬಿತ್ತು.

"ಇದೇಕೆ ಮುಚ್ಚಿದೆ?"

"ಅದು ಸ್ಪ್ಯಾನಿಂಗ್ ಟ್ರೀ ಎಂಬ ಶಿಸ್ತು, ಪ್ರಭು. ಒಂದೇ ಊರಿಗೆ ಎರಡು ದಾರಿಯಿದ್ದರೆ ಒಂದನ್ನು ಮುಚ್ಚಿಡುತ್ತದೆ. ಎರಡೂ ತೆರೆದರೆ ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬಂದು, ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ."

"ಪ್ರಭುಗಳ ಮಾತಿಗೆ ಮುಚ್ಚಿದ ಬಾಗಿಲೇ? ರಾಜದ್ರೋಹ!" ಎಂದು ಪ್ರಧಾನಿ ಕುಣಿದ.

ತಂತುಪಾಲ ಮೂರ್ಖನಲ್ಲ. ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ಬಡ್ತಿ ಪ್ರಧಾನಿಯ ಕೈಯಲ್ಲಿತ್ತು. "ಅಪ್ಪಣೆ" ಎಂದು ಸ್ಪ್ಯಾನಿಂಗ್ ಟ್ರೀಯನ್ನು ಆಫ್ ಮಾಡಿದ. ಥೂ, ಅವನ ಓದಿಗಿಷ್ಟು!

ಭಾಷಣ ಸುತ್ತತೊಡಗಿತು. ಒಂದು ಹತ್ತಾಯಿತು, ಹತ್ತು ಲಕ್ಷವಾಯಿತು. ಪರದೆಯ ಮೇಲಿನ ಲೆಕ್ಕ ಕೋಟಿ ದಾಟಿದಾಗ ಪ್ರಧಾನಿ ಆನಂದಬಾಷ್ಪ ಸುರಿಸಿದ. "ಇದಲ್ಲವೇ ಜನಪ್ರಿಯತೆ, ಪ್ರಭು! ರಾಜ್ಯದ ಜನಸಂಖ್ಯೆಗಿಂತ ಹೆಚ್ಚು!"

ಅದೇ ಮಧ್ಯಾಹ್ನ ಅಣೆಕಟ್ಟು ತುಂಬಿತು. ಕಾವಲುಗಾರ ನಿಯಮದಂತೆ ಎಚ್ಚರಿಕೆ ಕಳಿಸಿ ಗೇಟು ತೆಗೆದ. ಎಚ್ಚರಿಕೆಯು ಭಾಷಣಗಳ ನೂಕುನುಗ್ಗಲಿನಲ್ಲಿ ಸಿಕ್ಕಿಬಿತ್ತು, ಸೈರನ್ ಕೂಗಲಿಲ್ಲ. ನೀರು ಮಾತ್ರ ಯಾರ ಅಪ್ಪಣೆಗೂ ಕಾಯದೆ ಕೆಳಗಿನಪೇಟೆಗೆ ನುಗ್ಗಿತು.

ಮರುದಿನ ನೇಕಾರರ ಹೂವವ್ವ ಒದ್ದೆ ಸೀರೆಯಲ್ಲೇ ಆಸ್ಥಾನಕ್ಕೆ ಬಂದಳು. "ಸೈರನ್ ಯಾಕ ಕೂಗಲಿಲ್ರಿ? ಮಗ್ಗ ಹೋತು, ಮನಿ ಹೋತು, ನನ್ನ ಗಂಡ ಇನ್ನೂ ಸಿಕ್ಕಿಲ್ಲ!"

"ನಮ್ಮ ಭಾಷಣ ಬಂದಿತ್ತೇ?" ಎಂದ ರಾಜ.

"ಬರದ ಏನ್ರಿ! ಕುತ್ತಿಗಿ ಮಟ ನೀರು ಬಂದ್ರೂ ಅದೊಂದು ನಿಲ್ಲಲಿಲ್ಲ. ನಿಮ್ಮ ಬಾಯಾಗ ಮಣ್ಣು ಹಾಕ!"

ರಾಜ ಪುಳಕಿತನಾಗಿ ಸಭೆಯತ್ತ ತಿರುಗಿದ. "ನೋಡಿದಿರಾ! ಮುಳುಗುವಾಗಲೂ ಪ್ರಜೆಗಳು ನಮ್ಮನ್ನೇ ಆಲಿಸಿದ್ದಾರೆ."

ಅಂದೇ ತಂತುಪಾಲನಿಗೆ 'ಜಾಲರತ್ನ' ಬಿರುದು, ಸ್ವಿಚ್ಚಿಗೆ ಚಿನ್ನದ ಕಿರೀಟ. ಖರ್ಚಿಗಾಗಿ ಶ್ರವಣ ಕರ, ತಲೆಗೊಂದರಂತಲ್ಲ, ಕಿವಿಗೊಂದರಂತೆ. ಹೂವವ್ವ ಬೆಂಡೋಲೆ ಬಿಚ್ಚಿಕೊಟ್ಟು ತನ್ನೆರಡು ಕಿವಿಯ ಕರ ತೀರಿಸಿದಳು. ಗಂಡನ ಎರಡಕ್ಕೂ ಅವಳಿಂದಲೇ ವಸೂಲಿ. ಕೊನೆಯವರೆಗೂ ಭಾಷಣ ಕೇಳಿದವನೆಂದು ಅವನ ದರ ತುಸು ಹೆಚ್ಚಿತ್ತು.