ನೀಲಿ ಬ್ಯಾಗಿನ ಪರೀಕ್ಷೆ

ನಾರಾಯಣಖೇಡದ ಬೀಜದ ವ್ಯಾಪಾರಿ ಲಕ್ಷ್ಮೀಕಾಂತ ಅಲ್ಲಿಯವರೆಗೆ ವಿಮಾನವನ್ನು ಕತ್ತೆತ್ತಿ ನೋಡಿದ್ದನೇ ಹೊರತು ಹತ್ತಿದವನಲ್ಲ. ಹೋದ ವರ್ಷ ತೊಗರಿ ಬೀಜ ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಅವನನ್ನು ಗೋವಾ ಪ್ರವಾಸಕ್ಕೆ ಆರಿಸಿದರು. ಷರತ್ತು ಒಂದೇ: ಏಳು ಕಿಲೋ ಮೀರದ, ವಿಮಾನದೊಳಗೆ ಸೀಟಿನವರೆಗೂ ಒಯ್ಯುವಂಥ ಒಂದು ಬ್ಯಾಗು.

ಜಹೀರಾಬಾದಿನ ಅಂಗಡಿಯವನು ಎರಡು ಬೆನ್ನಿನ ಬ್ಯಾಗು ಕೊಟ್ಟು, ಬೇಡಾದದ್ದನ್ನು ಮರಳಿ ತನ್ನಿ ಎಂದಿದ್ದ. ನೀಲಿಯದು ಸೂಟ್‌ಕೇಸಿನಂತೆ ಪೂರಾ ಬಿಚ್ಚಿಕೊಳ್ಳುತ್ತಿತ್ತು. ಕರಿಯದಕ್ಕೆ ಬಾಯಿ ಮೇಲೆ, ಮೈತುಂಬ ಜೇಬು. ಹೆಂಡತಿ ಕೌಶಲ್ಯಾ ಜೇಬುಗಳಿಗೆ ಮನಸೋತಳು. ಪಕ್ಕದಲ್ಲೇ ಅದೇ ಕಂಪನಿಯ ಬೀಜ ಮಾರುವ ವೀರಪ್ಪ ಮಾತ್ರ, ಅಷ್ಟು ಜೇಬಿನಲ್ಲಿ ಕನ್ನಡಕ ಹುಡುಕುವುದರೊಳಗೆ ಪ್ರವಾಸವೇ ಮುಗಿಯುತ್ತದೆ, ನೀಲಿಯದೇ ಸರಿ ಎಂದ. ಯಾವ ಬ್ಯಾಗಾದರೂ ತೂಕ ತುಂಬಿ ಹೊತ್ತು ನೋಡಬೇಕೆಂದು ತಾನೇ ನೀಲಿಯದರಲ್ಲಿ ಏಳು ಕಿಲೋ ತೊಗರಿಬೇಳೆ ತುಂಬಿ ಲಕ್ಷ್ಮೀಕಾಂತನ ಬೆನ್ನಿಗೇರಿಸಿದ.

"ಬಸ್ಸಿನಾಗ ತಲಿ ಮ್ಯಾಲ ಸಾಮಾನಿಡೋ ಹಲಗಿ ಮ್ಯಾಲ ಇಟ್ಟು ನೋಡ್ರಿ. ಅಲ್ಲಿ ಕುಂತ್ರ ವಿಮಾನದಾಗೂ ಕೂಡ್ತದ."

ಮಾತು ಸರಿಯೆನಿಸಿತು. ಸ್ಟ್ಯಾಂಡಿನಲ್ಲಿ ಕಲ್ಹೇರ ಊರಿಗೆ ಹೋಗುವ ಬಸ್ಸು ನಿಂತಿತ್ತು. ಲಕ್ಷ್ಮೀಕಾಂತ ಹತ್ತಿ ಬ್ಯಾಗನ್ನು ಮೇಲೆ ತುರುಕಿದ. ಅದು ಹೊಸ ಅಳಿಯ ಅತ್ತೆಮನೆಯಲ್ಲಿ ಕೂತಂತೆ ಗಟ್ಟಿಯಾಗಿ ಕೂತಿತು, ಎಳೆದರೂ ಬರಲಿಲ್ಲ. ಅವನು ಜಗ್ಗಾಡುತ್ತಿದ್ದಂತೆ ಬಸ್ಸು ತುಂಬಿತು, ಹೊರಟೂ ಬಿಟ್ಟಿತು. ಇಳಿಯುತ್ತೇನೆಂದರೆ ಬ್ಯಾಗು ಬಿಟ್ಟು ಇಳಿಯಿರಿ ಎಂದ ಕಂಡಕ್ಟರ್. ಕಲ್ಹೇರದಲ್ಲಿ ನಾಲ್ಕು ಜನ ಕೂಡಿ ಎಳೆದಾಗ ಬ್ಯಾಗೂ ಬಂತು, ಅದರ ಹಿಂದೆ ಲಕ್ಷ್ಮೀಕಾಂತನೂ ಬಾಗಿಲಿಂದ ಹೊರಬಂದ.

ಎದುರಿಗೆ ಬೀರಣ್ಣ ನಿಂತಿದ್ದ. ಹಿಂದಿನ ವಾರ ಇವನ ಅಂಗಡಿಯಿಂದಲೇ ತೊಗರಿ ಬೀಜ ಒಯ್ದು ಬಿತ್ತಿದ್ದ ರೈತ.

"ಸಾವ್ಕಾರ್ರೆ, ಇಷ್ಟು ದೊಡ್ಡ ಬ್ಯಾಗ್ ಹಾಕ್ಕೊಂಡು ಎಲ್ಲಿಗಿ ಹೊಂಟೀರಿ?"

"ಎಲ್ಲಿಗೂ ಇಲ್ಲೋ. ಬ್ಯಾಗ್ ಹ್ಯಾಂಗದ ನೋಡಾಕ ಬಂದೀನಿ."

ಇದ್ದ ಸತ್ಯ ಅದೇ ಆದರೂ ಬೀರಣ್ಣನಿಗೆ ನಂಬಿಕೆ ಬರಲಿಲ್ಲ. ಬೀಜ ಮಾರಿದವನು ಬಿತ್ತನೆಯಾದ ವಾರಕ್ಕೇ ಗಂಟು ಕಟ್ಟಿಕೊಂಡು ಊರು ಬಿಟ್ಟರೆ ಅರ್ಥವೇನು? ಸುತ್ತಲಿದ್ದವರೂ ಸೇರಿದರು. ಬ್ಯಾಗು ಬಿಚ್ಚಿದರೆ ಒಂದು ಅಂಗಿಯೂ ಇಲ್ಲ, ಬರೀ ಬೇಳೆ. ದಾರಿಯಲ್ಲಿ ಬೇಯಿಸಿಕೊಂಡು ತಿನ್ನಲು ಒಯ್ಯುತ್ತಿದ್ದಾನೆ, ದೂರ ಹೋಗುವವನೇ ಇರಬೇಕು ಎಂದು ಒಬ್ಬ ಹೇಳಿದ. ಲಕ್ಷ್ಮೀಕಾಂತನನ್ನು ಹೋಟೆಲಿನಲ್ಲಿ ಮರ್ಯಾದೆಯಿಂದ ಕೂಡಿಸಿ, ಚಹಾ ಕೊಟ್ಟು, ಬಾಗಿಲಿಗೆ ಇಬ್ಬರು ನಿಂತರು. ಒಬ್ಬನು ಬೀಜದ ಚೀಲದ ಮೇಲಿದ್ದ ನಂಬರಿಗೆ ಫೋನ್ ಮಾಡಿ, ನಿಮ್ಮ ಅಂಗಡಿಯವ ಓಡಿ ಹೋಗುವಾಗ ಸಿಕ್ಕಿದ್ದಾನೆಂದು ಕಂಪನಿಗೇ ತಿಳಿಸಿದ. ಬೀರಣ್ಣ ಬೀಜ ಮೊಳೆತಿದೆಯೋ ಇಲ್ಲವೋ ನೋಡಲು ಹೊಲಕ್ಕೆ ಓಡಿದ.

ಮರಳಿ ಬಂದಾಗ ಅವನ ಮುಖ ಅರಳಿತ್ತು. ಸಾಲು ಬಿಡದಂತೆ ಮೊಳಕೆ ಎದ್ದಿತ್ತು. ತಪ್ಪಾತ್ರಿ ಎಂದು ಕೈಮುಗಿದು, ಮನೆಗೆ ಕರೆದೊಯ್ದು ಬಿಸಿ ರೊಟ್ಟಿ, ಪುಂಡಿಪಲ್ಯ ಉಣಿಸಿದ. ಮುಂದಿನ ಸಲವೂ ನಿಮ್ಮಲ್ಲೇ ಬೀಜ ಎಂದು ಹೇಳಿ, ತನ್ನ ಗಾಡಿಯ ಮೇಲೆ ನಾರಾಯಣಖೇಡಕ್ಕೆ ಬಿಟ್ಟುಹೋದ. ಲಕ್ಷ್ಮೀಕಾಂತನಿಗೆ ಹೊಟ್ಟೆಯೂ ತುಂಬಿತ್ತು, ಮನಸ್ಸೂ ತುಂಬಿತ್ತು. ನೀಲಿಯದೇ ಒಯ್ಯುವುದೆಂದು ತೀರ್ಮಾನವೂ ಆಗಿತ್ತು.

ಅಷ್ಟರಲ್ಲಿ ಕಂಪನಿಯ ಅಧಿಕಾರಿಯ ಫೋನ್ ಬಂತು. ನೀವು ಸುರಕ್ಷಿತವಾಗಿರುವುದು ಸಂತೋಷ, ಆದರೆ ಓಡಿಹೋದಿರೆಂದು ತಿಳಿದು ನಿಮ್ಮ ಸೀಟು ಬೇರೆಯವರಿಗೆ ಕೊಟ್ಟಾಯಿತು, ಇನ್ನು ಬದಲಿಸಲಾಗದು ಎಂದರು.

ಫೋನ್ ಇಡುವಷ್ಟರಲ್ಲಿ ವೀರಪ್ಪ ಹೊಸ್ತಿಲಲ್ಲಿ ನಿಂತಿದ್ದ, ಮದುಮಗನಂತೆ ನಾಚಿಕೊಂಡು.

"ನಾ ಕೇಳ್ಲಿಲ್ರಿ ಲಕ್ಷ್ಮೀಕಾಂತರೆ, ಕಂಪ್ನಿಯವ್ರೇ ಹೋಗ್ತೀರೇನು ಅಂದ್ರು. ಆ ನೀಲಿ ಬ್ಯಾಗ್ ಕೊಡ್ತೀರೇನು? ಹ್ಯಾಂಗೂ ನೀವು ಪರೀಕ್ಷೆ ಮಾಡೀರಿ."

ಬೀರಣ್ಣನ ಮನೆಯ ಊಟ ಸಿಟ್ಟಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಲಕ್ಷ್ಮೀಕಾಂತ ಬೇಳೆ ಸುರುವಿ ಬ್ಯಾಗು ಕೊಟ್ಟ.

"ಒಯ್ರಿ. ಅಡ್ಡ ತುರುಕಬ್ಯಾಡ್ರಿ, ಸಿಕ್ಕೊಂತದ."

ವೀರಪ್ಪ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದವನು ಮತ್ತೆ ಮರಳಿ ಬಂದು, ಅಂಗಡಿಯ ಬೀಗದ ಕೈ ಮೇಜಿನ ಮೇಲಿಟ್ಟ.

"ನಾ ಬರೋತನಾ ನಮ್ಮ ಅಂಗಡಿನೂ ಒಂದೀಟು ನೋಡ್ಕೊಳ್ರಿ. ನೀವು ಊರಾಗೇ ಇರ್ತೀರಲ್ಲ."