ಮಹಾಯುದ್ಧಕ್ಕ ಮನಿ ಉದಾಹರಣಿ

ಇತಿಹಾಸ ಕಲಿಸಿದಾಕೀನ್ನ ಇತಿಹಾಸ ಅಷ್ಟು ಸರಳ ಬಿಡಂಗಿಲ್ಲ ನೋಡ್ರಿ. ರಿಟೈರ್ ಆಗಿ ವಿಜಯಪುರದ ಜಲನಗರದಾಗ ಆರಾಮ ಕುಂತೀನಿ, ಆದ್ರೂ ಇಂಥಾವು ನಡಕೋಂತನ ಇರ್ತಾವ. ಮೊನ್ನೆ ಜೋರಾಪುರ ಪೇಟಿಗೆ ಸೀರಿ ತರಾಕ ಹೋಗಿದ್ನಿ. ಅಂಗಡಿಯಾಂವ ತಿಕೋಟಾದಾಗ ನನ್ನ ಕೈಯಾಗ ಕಲತಾಂವ. ಸೀರಿ ಜೋಡಿ ಕುಬಸದ ಅರಿವಿ ಬಿಟ್ಟಿ ಕೊಡು ಅಂದ್ನಿ, ಕೊಟ್ಟ. ಫಾಲ್ ಕೇಳಿದ್ನಿ, ಅದನ್ನೂ ಕೊಟ್ಟ. ಒಂದು ಛಲೋ ಕೈಚೀಲಾನೂ ಕೊಡು ಅಂದ ಕೂಡ್ಲೇ ಕೈ ಮುಗದು, "ಅಕ್ಕೋರ, ತುಷ್ಟೀಕರಣ ಎಲ್ಲಿಗೆ ಹೋಗಿ ಮುಟ್ಟತೈತಿ ಅಂತ ನೀವೇ ಕಲಿಸೀರಿ" ಅಂದ.

ಮನಿಗೆ ಬರೂಮಟ ಆಟೋದಾಗ ಒಬ್ಬಾಕೀನ ನಕ್ಕೆ. ಹಳೇವೆಲ್ಲಾ ಸಾಲಾಗಿ ನೆನಪಾದುವು. ಈ ನನ್ನ ಉದಾಹರಣಿ ಚಟದಿಂದ ಬಬಲೇಶ್ವರದಾಗ ಒಂದು ಹುಡಿಗೀದು ಓದು ನಿಲ್ಲೂದಿತ್ತು. ಆದ್ರ ಚಟ ಹತ್ತಿಸಿದಾಂವ ಈ ಅಂಗಡಿಯಾಂವನ. ಮೊದಲ ಅವನ ಸುದ್ದಿ ಹೇಳ್ತೀನಿ.

೧. ತುಷ್ಟೀಕರಣ

ನನ್ನ ಮೊದಲನೇ ನೌಕರಿ ತಿಕೋಟಾದಾಗ. ಹತ್ತನೇ ಕ್ಲಾಸಿಗೆ ಎರಡನೇ ಮಹಾಯುದ್ಧದ ಪಾಠ. ಜರ್ಮನಿಯ ಸರ್ವಾಧಿಕಾರಿ ಒಂದೊಂದೇ ಸೀಮಿ ನುಂಗಾಕತ್ತಿದ್ದ, ಇಷ್ಟು ಕೊಟ್ರ ಸುಮ್ಮನಾಗ್ತಾನ ಅಂತ ಉಳದ ದೊಡ್ಡ ದೇಶದವರು ಕೊಡಕೋಂತ ಹೋದ್ರು, ಅದಕ್ಕ ತುಷ್ಟೀಕರಣ ಅಂತಾರ ಅಂತ ಮೂರು ಸಲ ಹೇಳಿದ್ನಿ. ಕ್ಲಾಸಿಗೆ ಕ್ಲಾಸೇ ಕಲ್ಲಾಗಿ ಕುಂತಿತ್ತು. ನಂಗ ಸಿಟ್ಟು ಜರ್ರಂತ ನೆತ್ತಿಗೇರಿತು. ನನ್ನ ಸಿಟ್ಟು ಅಂದ್ರ ತಿಕೋಟಾದಿಂದ ವಿಜಯಪುರದ ಮಟ ಹೆಸರಾಗಿತ್ತು.

ಅಷ್ಟ್ರಾಗ ಈ ಅಂಗಡಿಯಾಂವ, ಆಗಿನ್ನೂ ಹುಡುಗ, ಎದ್ದು ನಿಂತು, ಅಕ್ಕೋರ, ಇದು ನಮ್ಮ ಮನ್ಯಾಗ ನಡದೈತ್ರಿ ಅಂದ. ಅವರ ಅಕ್ಕನ ಗಂಡ ಪಂಚಮಿಗೆ ಬಂದಾಗ ಕೈಗಡಿಯಾರ ಬೇಕಂತ ಊಟ ಬಿಟ್ಟು ಕುಂತನಂತ, ಕೊಟ್ರು. ದೀಪಾವಳಿಗೆ ಬಂದು ಸೈಕಲ್ಲಿಗೆ ಮಾತು ಬಿಟ್ಟ, ಅದನ್ನೂ ಕೊಟ್ರು. ಯುಗಾದಿಗೆ ಬಂದಾಂವ ದ್ರಾಕ್ಷಿ ತ್ವಾಟದಾಗ ಅರ್ಧಾ ನನ್ನ ಹೆಸರಿಗೆ ಮಾಡ್ರಿ ಅಂದನಂತ. ಹಂಗಾದ್ರ ಯುದ್ಧ ಯಾವಾಗಪಾ ಅಂತ ಕೇಳಿದ್ನಿ.

"ಬರೂ ಐತವಾರ ರೀ. ಇಂಡಿ ಊರಿಂದ ಮೂರು ಮಂದಿ ಸೋದರಮಾವಂದಿರು ಬರಾಕತ್ಯಾರ."

ಮಿತ್ರರಾಷ್ಟ್ರಗಳು ಅಂದ್ರ ಏನು ಅಂತ ಆ ವರ್ಷ ನಾ ಬ್ಯಾರೆ ಹೇಳೂ ಪ್ರಸಂಗ ಬರಲಿಲ್ಲ. ಅವತ್ತಿಂದ ಒಂದು ಕಾಯಿದೆ ಮಾಡಿದ್ನಿ. ಪಾಠದಾಗಿನ ಪ್ರತಿ ಶಬ್ದಕ್ಕ ತಾವು ಕಣ್ಣಾರೆ ಕಂಡದ್ದು ಒಂದು ಉದಾಹರಣಿ ಬರಕೊಂಡು ಬರಬೇಕು. ಮನೀದಾದ್ರ ಇನ್ನೂ ಛಲೋ.

೨. ಪ್ರಚಾರ

ಮುಂದ ಬಬಲೇಶ್ವರಕ್ಕ ವರ್ಗಾ ಆತು. ಅಲ್ಲೆ ಒಬ್ಬಾಕಿ ಹುಡಿಗಿ ಇದ್ಲು. ಮಾತು ಕಡಿಮಿ, ಬರಿಯೂದು ಮಾತ್ರ ಮೆಣಸಿನಕಾಯಿ. ಕಾಲೇಜಿಗೆ ಹೋಗಬೇಕು, ತಾನೂ ಕಲಿಸಾಕಿ ಆಗಬೇಕು ಅಂತ ಆಕೀಗೆ ಭಾಳ ಆಸೆ. ಆದ್ರ ಹತ್ತನೇತ್ತಕ್ಕ ಓದು ಬಂದ್ ಅಂತ ಅವರ ಅಜ್ಜ ಮೊದಲ ಹೇಳಿಬಿಟ್ಟಿದ್ರು. ಅಜ್ಜ ಒಮ್ಮೆ ಹೇಳಿದ್ರಂದ್ರ ಆ ಮನ್ಯಾಗ ತಿರುಗಿ ಮಾತಾಡಾವರು ಯಾರೂ ಇದ್ದಿದ್ದಿಲ್ಲ.

ಇಲ್ಲದ್ದನ್ನ ಐತಿ ಅಂತ ಗ್ವಾಡಿ ತುಂಬ ಬರದು ಮಂದೀನ್ನ ನಂಬಸೂದಕ್ಕ ಪ್ರಚಾರ ಅಂತಾರ ಅಂತ ಹೇಳಿದ್ನಿ. ಆಕಿ ಬರಕೊಂಡು ಬಂದ್ಲು: "ನಮ್ಮ ಸಾಲಿ ಟಾಕಿ ಮ್ಯಾಲ ಶುದ್ಧ ಕುಡಿಯುವ ನೀರು ಅಂತ ಬರದೈತಿ. ಒಳಗ ಪಾರಿವಾಳ ಅದಾವ."

ಅವತ್ತೇ ಹೆಡ್‌ಮಾಸ್ತರ ನೋಟಬುಕ್ ತಪಾಸಣಿಗೆ ಬರಬೇಕ! ಸಾಲಿ ಮಾನ ಹರಾಜಿಗೆ ಇಡಾಕತ್ತೀರೇನು ಅಂತ ನನ್ನ ಬೈದು, ಆ ಎರಡೂ ಸಾಲಿನ ಮ್ಯಾಲ ಕರೇ ಶಾಯಿ ಬಳದು ಹೋದ್ರು. ಮರುದಿನದ ಶಬ್ದ ಸೆನ್ಸಾರ್. ಸರ್ಕಾರಕ್ಕ ಬ್ಯಾಡಾದ ಸುದ್ದಿ ಅಳಿಸಿ ಹಾಕೂದು. ಆಕಿ ಉದಾಹರಣಿ ಭಾಳ ಸಣ್ಣದಿತ್ತು: "ಹಿಂದಿನ ಪುಟ ನೋಡಿರಿ."

ಹೆಡ್‌ಮಾಸ್ತರ ಅದನ್ನ ಓದಿ ಸೀದಾ ಹೋಗಿ ಟಾಕಿಯಾಗ ಹಣಿಕಿ ಹಾಕಿದ್ರು. ವಾರದಾಗ ಟಾಕಿಗೆ ನೀರು ಬಂತು. ಪಾರಿವಾಳಗೋಳು ಅವರ ಖೋಲಿ ಜಂತಿಗೆ ವರ್ಗಾ ಆದುವು.

೩. ಸರ್ವಾಧಿಕಾರ

ಇದಕ್ಕ ನಾಲ್ಕು ಲಕ್ಷಣಾ ಬರಿಸಿದ್ನಿ. ಒಬ್ಬಂದೇ ಮಾತು ನಡೀಬೇಕು, ಯಾರೂ ಪ್ರಶ್ನೆ ಕೇಳಂಗಿಲ್ಲ, ಎಲ್ಲಾ ಕಡೆ ಅವನದೇ ಫೋಟೋ, ಮನಿಮನಿಯಾಗ ಗುಪ್ತಚರರು. ಆ ಹುಡಿಗಿ ಬರದಿದ್ಲು: "ಸರ್ವಾಧಿಕಾರಿ: ನಮ್ಮ ಅಜ್ಜ. ಮನಿಯಾಗ ಅವರದೇ ಮಾತು. ನಾ ಕಾಲೇಜಿಗೆ ಯಾಕ ಹೋಗಬಾರದು ಅಂತ ಕೇಳಂಗಿಲ್ಲ. ಪಡಸಾಲಿಯಾಗ ಅಜ್ಜಂದು ಮೂರು ಫೋಟೋ ಅದಾವ, ಅಜ್ಜೀದು ಒಂದೂ ಇಲ್ಲ. ಗುಪ್ತಚರ: ನಮ್ಮ ಕಾಕು."

ನಾನರ ಸುಮ್ಮ ಇದ್ನೇನು? ಹತ್ತಕ್ಕ ಹತ್ತು ಹಾಕಿ, ಕೆಂಪು ಶಾಯಿಲೆ "ಭಾಳ ಛಲೋ ಉದಾಹರಣಿ, ಶಾಬಾಸ್" ಅಂತ ಬರದ್ನಿ. ಕಾಕು, ಅಂದ್ರ ಆಕಿ ಚಿಕ್ಕಮ್ಮ, ತನ್ನ ಕೆಲಸ ಬರೋಬರಿ ಮಾಡಿದ್ಲು. ನೋಟಬುಕ್ ಅಜ್ಜನ ಕೈ ಸೇರಿತು.

ಮರುದಿನ ಅಜ್ಜ ಒಬ್ಬರೇ ಸಾಲಿಗೆ ಬಂದ್ರು. ತಲಿ ಮ್ಯಾಲ ದೊಡ್ಡ ಪಟಗಾ, ಕೈಯಾಗ ಕೋಲು, ಬಗಲಾಗ ನೋಟಬುಕ್. ಈ ಕೆಂಪು ಶಾಯಿ ಯಾರದು ಅಂತ ಕೇಳಿದ್ರು. ನಂದ್ರಿ ಅಂದ್ನಿ. ಬೈತಾರ ಅಂತ ಕುಂತ್ರ, ಈ ಪಾಠದಾಗಿನ ಸರ್ವಾಧಿಕಾರಿಗಳು ಕಡೀಕ ಏನಾದ್ರು ಅಂತ ಕೇಳಿದ್ರು. ಜರ್ಮನಿಯಾಂವ ನೆಲಮಾಳಿಗಿಯಾಗ ತಾನೇ ಜೀವ ಕಳಕೊಂಡ, ಇಟಲಿಯಾಂವನ್ನ ಅವನ ಮಂದೀನೇ ಕೊಂದು ತಲಿಕೆಳಗ ಮಾಡಿ ನೇತಹಾಕಿದ್ರು ಅಂತ ಇದ್ದದ್ದು ಇದ್ದಂಗ ಹೇಳಿದ್ನಿ. ಅಜ್ಜ ತಮ್ಮ ಪಟಗಾ ಒಮ್ಮೆ ಮುಟ್ಟಿ ನೋಡ್ಕೊಂಡ್ರು.

"ತಾನಾಗೇ ಖುರ್ಚಿ ಬಿಟ್ಟು ಇಳದಾಂವ ಒಬ್ಬನೂ ಇಲ್ಲೇನ್ರಿ ಅಕ್ಕೋರ?"

"ಈ ಪಾಠದಾಗಂತೂ ಇಲ್ರಿ ಯಜಮಾನ್ರ."

ಎದ್ದು ಹೋದ್ರು. ಮೂರು ದಿನ ಹುಡಿಗಿ ಸಾಲಿಗೆ ಬರಲಿಲ್ಲ. ನಂಗ ಕೂಳು ಸೇರಲಿಲ್ಲ. ಒಂದು ಸಾಲು ಶಾಬಾಸ್‌ಗಿರಿ ಬರಿಯಾಕ ಹೋಗಿ ಒಂದು ಕೂಸಿನ ಓದು ನುಂಗಿದ್ನಲ್ಲ ಅಂತ ಅತ್ತೆ, ಖರೇನ ಅತ್ತೆ.

ನಾಕನೇ ದಿನ ಅಜ್ಜ, ಮೊಮ್ಮಗಳು ಇಬ್ಬರೂ ಬಂದ್ರು. ಅಜ್ಜ ನನ್ನ ಮೇಜಿನ ಮ್ಯಾಲ ನೋಟಬುಕ್ ಬಿಚ್ಚಿ ಇಟ್ರು.

"ಕಾಲೇಜಿಗೆ ಹೋಗ್ಲಿ. ಆದ್ರ ಇದರಾಗ ಒಂದು ತಿದ್ದುಪಡಿ ಆಗಬೇಕು. ಸರ್ವಾಧಿಕಾರಿ ಅಂತ ಬರದಾಳಲ್ಲ, ಅದಕ್ಕ 'ಮಾಜಿ' ಅಂತ ಹಚ್ಚರಿ. ಅದೇ ಕೆಂಪು ಶಾಯಿಲೆ."

ಕೆಂಪು ಪೆನ್ನು ತಗದು ಬರದ್ನಿ. ಅಜ್ಜ ಚಷ್ಮಾ ಏರಿಸಿ ಎರಡು ಸಲ ಓದಿ, ಸಹೀನೂ ಮಾಡ್ರಿ ಅಂದ್ರು. ಮಾಡಿದ್ನಿ. ಆ ಹುಡಿಗಿ ದನಿ ತಗದು ನಕ್ಕಿದ್ದು ನಾ ಅವತ್ತೇ ಕೇಳಿದ್ದು.

ಅಜ್ಜ ಈಗಿಲ್ಲ. ಅವರು ತೀರಿಕೊಂಡಾಗ ಮನೀ ಮಂದೀನ್ನ ಮಾತಾಡಿಸಾಕ ಹೋಗಿದ್ನಿ. ಪಡಸಾಲಿಯಾಗ ಅವರ ಬಾಜೂಕ ಅಜ್ಜೀದೂ ಒಂದು ಫೋಟೋ ಇತ್ತು. ಹುಡಿಗಿ ಈಗ ತಿಕೋಟಾದಾಗ ಅದೇ ಪಾಠ ಕಲಸ್ತಾಳ. ನನ್ನ ಕಾಯಿದೆ ಬಿಟ್ಟಿಲ್ಲ, ಸಿಟ್ಟೂ ನಂದೇ ಬಂದೈತಿ ಅಂತಾರ.

ಹೋದ ವಾರ ಆಕಿ ಫೋನ್ ಬಂತು. ಕ್ಲಾಸಿನ ಒಬ್ಬಾಕಿ "ಸರ್ವಾಧಿಕಾರಿ: ನಮ್ಮ ಟೀಚರ್" ಅಂತ ಬರದಾಳಂತ. ನಾಲ್ಕೂ ಲಕ್ಷಣಕ್ಕ ಪುರಾವೆ ಕೊಟ್ಟಾಳಂತ. ಗುಪ್ತಚರ ಅಂದ್ರ ಕ್ಲಾಸ್ ಮಾನಿಟರ್ ಅಂತ. ಹೊಟ್ಟಿ ಹಿಡಕೊಂಡು ನಕ್ಕು, ಎಷ್ಟು ಮಾರ್ಕ್ಸ್ ಕೊಟ್ಟಿ ಬೇ ಅಂತ ಕೇಳಿದ್ನಿ.

"ಹತ್ತಕ್ಕ ಹತ್ತು ಕೊಟ್ಟೀನ್ರಿ ಅಕ್ಕೋರ. 'ಮಾಜಿ' ಅಂತ ಮಾತ್ರ ಇನ್ನೂ ಬರದಿಲ್ರಿ."