ಬಿರಡೆ ಮನೆಯಲ್ಲಿತ್ತು, ಪಂಪಿನವರೇ

ಹನ್ನೆರಡು ಅಡಿ ಉದ್ದದ ನನ್ನ ಮೀನು ಹಿಡಿಯುವ ದೋಣಿಯ ತಳದಲ್ಲಿ, ಹಿಂದಿನ ಹಲಗೆಯ ಕೆಳಗೆ ವಾಸವಾಗಿದ್ದು, ಒಳಬಂದ ನೀರನ್ನು ತಾವಾಗಿಯೇ ಹೊರಚೆಲ್ಲುವ ಸ್ವಯಂಚಾಲಿತ ಪಂಪಿನವರ ಸಮ್ಮುಖಕ್ಕೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನೆ ಬಿಸಿಲಿನಲ್ಲಿಟ್ಟು ನೋಡಿದಾಗ ನನಗಿಂತ ಚೆನ್ನಾಗಿಯೇ ಕಂಡಿರಿ. ಈ ದೂರನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೆ: ನಡೆದದ್ದು ಸರೋವರದ ದಡದಲ್ಲಿ ನಿಂತಿದ್ದ ಹತ್ತು ಹದಿನೈದು ಜನರಿಗೆ ಆಗಲೇ ಗೊತ್ತಾಗಿದೆ, ಉಳಿದವರಿಗೆ ಅವರ ಬಾಯಿಂದ ತಲುಪುವ ಮೊದಲು ನನ್ನಿಂದ ತಲುಪಲಿ ಎಂಬ ಆಸೆ. ತಮ್ಮ ಮೇಲಿನ ಆರೋಪವೂ ಚಿಕ್ಕದು. ತಾವು ತಮ್ಮ ಕೆಲಸವನ್ನು ಅಗತ್ಯಕ್ಕಿಂತ ಚೆನ್ನಾಗಿ ಮಾಡಿದಿರಿ.

ತಾವು ಹೊಸಬರು, ಹಿಂದಿನದು ತಿಳಿಯದು. ಮನೆಯ ಮುಂದೆ ಗಾಡಿಯ ಮೇಲೆ ನಿಂತಿರುವ ಈ ದೋಣಿಯನ್ನು ನಾನು ಮೂರು ತಿಂಗಳಿಂದ ಸುಧಾರಿಸುತ್ತಾ ಬಂದಿದ್ದೆ. ಗುಂಡಿ ಒತ್ತಿದರೆ ಹೊರಡುವ ಹೊಸ ಇಂಜಿನ್, ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರ, ತಿರುಗುವ ಕುರ್ಚಿ, ಕೊನೆಗೆ ತಾವು. ಬ್ಯಾಟರಿ ಮಾತ್ರ ಹಳೆಯದೇ ಉಳಿಯಿತು, ಏಕೆಂದರೆ ಅದು ನೋಡಿದವರು ಹೊಗಳುವ ವಸ್ತುವಲ್ಲ. ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನನ್ನ ಹೆಂಡತಿ ಒಂದು ದಿನ, "ನೋಡ್ರೀ, ಒಂದ್ಸಲ ನಾನೂ ಬರ್ತೀನಿ. ಹೋಗಿ ನೆಟ್ಟಗೆ ವಾಪಸ್ ಬಂದ್ರೆ ದೋಣಿ ಇರ್ಲಿ. ಇಲ್ಲಾಂದ್ರೆ ಮಾರಿಬಿಡಿ, ಅಂಗಳದಲ್ಲಿ ಬಟ್ಟೆ ಒಣಗಿಸೋಕಾದ್ರೂ ಜಾಗ ಆಗುತ್ತೆ" ಎಂದಳು. ಹನ್ನೊಂದು ವರ್ಷಗಳಲ್ಲಿ ಅವಳು ಈ ದೋಣಿಯ ಬಗ್ಗೆ ಆಡಿದ ಅತ್ಯಂತ ಪ್ರೀತಿಯ ಮಾತು ಅದು.

ದೋಣಿಯ ಹಿಂಬದಿಯಲ್ಲಿ, ತಮ್ಮ ನಿವಾಸದ ಪಕ್ಕದಲ್ಲೇ, ಹೆಬ್ಬೆರಳು ಹಿಡಿಸುವಷ್ಟು ಒಂದು ತೂತಿದೆ. ದಡದ ಮೇಲಿರುವಾಗ ತೊಳೆದ ನೀರು ಹರಿದುಹೋಗಲೆಂದು ಅದರ ಬಿರಡೆಯನ್ನು ಬಿಚ್ಚಿಡಬೇಕು, ನೀರಿಗಿಳಿಸುವ ಮೊದಲು ತಿರುಗಿಸಿ ಬಿಗಿಯಬೇಕು. ನನ್ನ ಮರೆವನ್ನು ಬಲ್ಲ ಮುದುಕ ಮೆಕ್ಯಾನಿಕ್ ಬಹಳ ಹಿಂದೆಯೇ ಆ ಬಿರಡೆಯನ್ನು ಇಂಜಿನ್ನಿನ ಕೀಲಿಗೆ ದಾರದಿಂದ ಕಟ್ಟಿ, "ಯಜಮಾನ್ರೇ, ಕೀ ಇಲ್ದೆ ದೋಣಿ ಹೊರಡಲ್ಲ, ಬಿರಡೆ ಇಲ್ದೆ ಹೊರಡ್ಬಾರ್ದು. ಎರಡೂ ಒಟ್ಟಿಗಿರ್ಲಿ" ಎಂದಿದ್ದರು. ಹನ್ನೊಂದು ವರ್ಷ ಆ ದಾರ ನನ್ನ ಬುದ್ಧಿಯ ಕೆಲಸ ಮಾಡಿತು. ಹೊಸ ಇಂಜಿನ್ನಿಗೆ ಹೊಸ ಕೀಲಿ ಬಂತು, ನೀರಿಗೆ ಬಿದ್ದರೂ ತೇಲುವ ಕಿತ್ತಳೆ ಬಣ್ಣದ ಕೀಚೈನಿನೊಂದಿಗೆ. ಹಳೆಯ ಕೀಲಿಯನ್ನು ಇನ್ನು ಪ್ರಯೋಜನವಿಲ್ಲವೆಂದು ಮೇಜಿನ ಖಾನೆಗೆ ಹಾಕಿದೆ. ದಾರ ಸಮೇತ.

ಇಲ್ಲಿಂದ ತಮ್ಮ ಪಾತ್ರ ಆರಂಭವಾಗುತ್ತದೆ. ಹೆಂಡತಿಯನ್ನು ಕೂರಿಸಿಕೊಂಡು ದೋಣಿ ನೀರಿಗಿಳಿದ ಕ್ಷಣದಿಂದ ತಾವು ಒಂದು ಮಾತೂ ಆಡದೆ, ಒಳಬಂದಷ್ಟನ್ನೂ ಹೊರಹಾಕತೊಡಗಿದಿರಿ. ಪಕ್ಕದ ಕೊಳವೆಯಿಂದ ಧಾರೆ ಚಿಮ್ಮುವುದನ್ನು ಮೊದಲು ಕಂಡದ್ದು ಅವಳು. ಅದು ಇಂಜಿನ್ನನ್ನು ತಂಪಾಗಿಡುವ ನೀರೆಂದು ನಾನು ವಿವರಿಸಿದೆ. ನಡುನೀರಿನಲ್ಲಿ ಇಂಜಿನ್ ನಿಲ್ಲಿಸಿ ಗಾಳ ಹಾಕಿದ ಮೇಲೂ ಧಾರೆ ನಿಲ್ಲದಿದ್ದಾಗ ಅವಳು, "ಇಂಜಿನ್ ನಿಂತಿದೆಯಲ್ಲ, ಇದ್ಯಾಕೆ ಇನ್ನೂ ಸುರೀತಿದೆ?" ಎಂದಳು. ಬಿಸಿ ಇನ್ನೂ ಆರಿಲ್ಲ ಎಂದೆ. ಮಾನ್ಯರೇ, ಆ ಉತ್ತರ ಕೊಡುವಾಗ ನಾನು ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದ್ದೂ ನೆನಪಿದೆ.

ಮುಕ್ಕಾಲು ಗಂಟೆಗೆ ಹಳೆಯ ಬ್ಯಾಟರಿ ಕೈಚೆಲ್ಲಿತು. ಪರದೆಯ ಮೇಲಿನ ಮೀನುಗಳು ಅಳಿಸಿಹೋದವು, ಧಾರೆ ನಿಂತಿತು, ಗುಂಡಿ ಒತ್ತಿದರೆ ಇಂಜಿನ್ ಉಸಿರೆತ್ತಲಿಲ್ಲ, ಹಗ್ಗ ಎಳೆದು ಹೊರಡಿಸುವ ತಾಪತ್ರಯ ಬೇಡವೆಂದು ನಾನೇ ಹಟ ಹಿಡಿದು ಹಗ್ಗವಿಲ್ಲದ್ದನ್ನು ತರಿಸಿಕೊಂಡಿದ್ದೆ. ನೀರು ಪಾದ ಮುಚ್ಚಿ ಮೇಲೇರತೊಡಗಿತು. ಅವಳು ಜೀವರಕ್ಷಕ ಅಂಗಿ ತೊಟ್ಟಿದ್ದಳು. ನನ್ನದು ಅಂಗಡಿಯ ಕವರಿನಲ್ಲೇ ಇತ್ತು, ಹೊಸದು ಕೊಳೆಯಾಗದಿರಲೆಂದು. ಬಿರಡೆ ಮೇಜಿನ ಖಾನೆಯಲ್ಲೇ ಉಳಿದದ್ದು ಆಗ ನೆನಪಾಗಿ, ತೂತಿಗೆ ಹೆಬ್ಬೆರಳು ಒತ್ತಿ ನಾನು ನೀರಿನಲ್ಲೇ ಕೂತೆ. ಅವಳು ಊಟದ ಡಬ್ಬಿಯಿಂದ ನೀರು ತೋಡಿ ಚೆಲ್ಲಿ, ಆಮೇಲೆ ಹುಟ್ಟುಗಳನ್ನು ಎತ್ತಿಕೊಂಡಳು. ಜಾಗ ಹಿಡಿಯುತ್ತವೆಂದು ನಾನು ಬೆಳಿಗ್ಗೆ ಇಳಿಸಹೊರಟಿದ್ದ ಹುಟ್ಟುಗಳು, "ಇರ್ಲಿ ಬಿಡಿ, ಅವೇನು ಹುಲ್ಲು ಕೇಳ್ತವಾ?" ಎಂದು ಅವಳು ಉಳಿಸಿದ್ದ ಹುಟ್ಟುಗಳು.

ಹುಟ್ಟು ಹಾಕುವವರು ಹಿಂಬದಿಗೆ ಮುಖ ಮಾಡಿ ಕೂರುತ್ತಾರೆ. ಹಾಗಾಗಿ ದಡ ಮುಟ್ಟುವ ತನಕ, ಸುಮಾರು ಒಂದು ಗಂಟೆ, ನಾವು ಎದುರುಬದುರು ಕೂತಿದ್ದೆವು. ಎದ್ದು ಹೋಗಲು ನನಗೆ ನೆಪವಿರಲಿಲ್ಲ, ಹೆಬ್ಬೆರಳು ಕೆಲಸದಲ್ಲಿತ್ತು. ಒಳಗೆ ನೀರು ಬರುತ್ತಿರುವುದು ಯಾರಿಗೂ ತಿಳಿಯದಂತೆ ಹೊರಹಾಕುತ್ತಾ, ಎಲ್ಲ ಸರಿಯಿದೆ ಎನಿಸುವ ವೃತ್ತಿಯಲ್ಲಿ ತಮಗಿಂತ ನನಗೆ ಹೆಚ್ಚು ವರ್ಷಗಳ ಅನುಭವವಿದೆ ಎಂದು ಆಗ ಹೊಳೆಯಿತು. ಅವಳಿಗೆ ಹೇಳಲಿಲ್ಲ. ಅವಳು ನೋಡುತ್ತಿದ್ದ ರೀತಿ ನೋಡಿದರೆ, ಹೇಳುವ ಅಗತ್ಯ ಇದ್ದ ಹಾಗೂ ಕಾಣಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಪ್ರಾರ್ಥನೆಗಳು. ಇನ್ನು ಮುಂದೆ ದಯವಿಟ್ಟು ಗೊಣಗುತ್ತಾ ಕೆಲಸ ಮಾಡಿ. ಸಾಧ್ಯವಾದರೆ ಕೆಮ್ಮಿ. ನಾನು ಯಾವುದನ್ನಾದರೂ ವಿಶ್ವಾಸದಿಂದ ವಿವರಿಸತೊಡಗಿದ ಕೂಡಲೇ ನಿಂತುಬಿಡಿ.

ದಡದಲ್ಲಿ ಹುಟ್ಟು ಕೆಳಗಿಟ್ಟು, ಬೊಬ್ಬೆ ಎದ್ದ ಅಂಗೈಗೆ ಉಸಿರೂದುತ್ತಾ ಅವಳು ಹೇಳಿದ್ದು ಇಷ್ಟೆ: "ಮಾರೋದು ಬೇಡ. ಮುಂದಿನ ವಾರ ಆ ಜೊಂಡಿನ ಕಡೆ ಹೋಗೋಣ. ಬಿರಡೆ ನನ್ನ ಹತ್ರ ಇರುತ್ತೆ." ಅದೀಗ ಅವಳ ಮನೆಕೀಲಿಗಳ ಗೊಂಚಲಿನಲ್ಲಿದೆ. ಅವಳಿಲ್ಲದೆ ದೋಣಿ ಹೊರಡುವಂತಿಲ್ಲ.

ಇನ್ನೂ ಸುಕ್ಕು ಬಿಡದ ಹೆಬ್ಬೆರಳಿನ,
ತಮ್ಮ ವಿಶ್ವಾಸಿ,
ದೋಣಿಯ ಮಾಲೀಕನೆಂದು ಕಾಗದದಲ್ಲಿ ನಮೂದಾಗಿರುವವನು

ತಾ.ಕ.: ತಾವು ಕೆಲಸ ಮಾಡುವಾಗಲೆಲ್ಲ ಉರಿಯುವಂತೆ ಒಂದು ಕೆಂಪು ದೀಪ ಜೋಡಿಸಲು ಮೆಕ್ಯಾನಿಕ್ ಒಪ್ಪಿದ್ದಾರೆ, ಹೊಸ ಬ್ಯಾಟರಿಯೂ ಬಂದಿದೆ. ದೀಪವನ್ನು ನನ್ನ ತಿರುಗುವ ಕುರ್ಚಿಯ ಮುಂದೆ ಇಡೋಣವೇ ಎಂದು ಅವರನ್ನು ಕೇಳಿದೆ. ಅದಕ್ಕೆ ಅವರು, ಅವಳು ಕೂರುವ ಜಾಗ ಯಾವುದೆಂದು ವಿಚಾರಿಸಿದರು.